ಸ್ಪೀಕರ್ ಸುಡದಂತೆ ಆಂಪ್ ಆರಿಸುವುದು ಹೇಗೆ? ವಾಟ್, ಓಮ್, ಗೇನ್‌ನ ಪೂರ್ತಿ ಲೆಕ್ಕ

ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಸಿಗ್ನಲ್‌ನಿಂದ ಸಿಗ್ನಲಿಗೆ ತೆವಳುವಾಗ ಯಾವ ಕಾರಿನ ಸ್ಟೀರಿಯೋ ಆದರೂ ಚೆನ್ನಾಗಿಯೇ ಕೇಳುತ್ತದೆ. ಅದೇ ಕಾರು ಚಿತ್ರದುರ್ಗದ ಕಡೆ ಹೈವೇ ಹತ್ತಲಿ. ಆನಗೋಡು ದಾಟುವ ಹೊತ್ತಿಗೆ ಟೈರಿನ ಸದ್ದು, ಗಾಳಿಯ ಸದ್ದು ಸೇರಿ ಹಾಡನ್ನು ನುಂಗಿರುತ್ತವೆ. ಸಣ್ಣ ಕಾರಿನಲ್ಲಿ 80–90 ಕಿ.ಮೀ. ವೇಗದಲ್ಲಿ ಒಳಗಿನ ಸದ್ದೇ 70 ಡೆಸಿಬಲ್ ಆಸುಪಾಸು ಇರುತ್ತದೆ. ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಹಾಡು ಜೋರಾಗುವುದಿಲ್ಲ, ಒಡೆಯುತ್ತದೆ. ಆಮೇಲೆ ಅಂಗಡಿಗೆ ಹೋಗಿ ‘ದೊಡ್ಡ ಆಂಪ್ ಹಾಕಿ’ ಅನ್ನುತ್ತೇವೆ. ಆಂಪ್ ಅಂದರೆ ಆಂಪ್ಲಿಫೈಯರ್, ಸ್ಟೀರಿಯೋದ ಸಿಗ್ನಲಿಗೆ ಶಕ್ತಿ ತುಂಬಿ ಸ್ಪೀಕರಿಗೆ ಕಳಿಸುವ ಸಾಧನ. ಅಂಗಡಿಯವರು 2000 ವಾಟ್ ಅಂತ ಬರೆದ ಡಬ್ಬ ತೆಗೆದು ಮುಂದಿಡುತ್ತಾರೆ.

ಆ ಡಬ್ಬದ ಮೇಲಿನ ಸಂಖ್ಯೆಯನ್ನು ಮರೆತುಬಿಡಿ. ಬೇಕಾದದ್ದು ಮೂರೇ ಮಾಹಿತಿ: ಸ್ಪೀಕರಿನ ಆರ್‌ಎಂಎಸ್ ವಾಟ್, ಸ್ಪೀಕರಿನ ಓಮ್ (ಕರೆಂಟಿಗೆ ಅದು ಒಡ್ಡುವ ತಡೆ), ಅದೇ ಓಮ್‌ಗೆ ಆಂಪ್ ಕೊಡುವ ಆರ್‌ಎಂಎಸ್ ವಾಟ್. ಇಷ್ಟು ಗೊತ್ತಾದರೆ ಆಂಪ್ ಆರಿಸುವುದು ಕಷ್ಟವೇ ಅಲ್ಲ. ಆದರೆ ಸ್ಪೀಕರ್ ಬಾಳುತ್ತದೋ ಸುಡುತ್ತದೋ ಅನ್ನುವುದು ಹೆಚ್ಚಾಗಿ ಗೇನ್ (ಸ್ಟೀರಿಯೋದ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು) ಸೆಟ್ ಮಾಡುವಾಗ ತೀರ್ಮಾನವಾಗುತ್ತದೆ. ಹಾಗಾಗಿ ಅದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ನಿಜವಾದ ವಾಟ್ ಯಾವುದು ಅಂತ ನೋಡಿ

ಸ್ಪೀಕರಿನ ಮೇಲೆ ‘350 ವಾಟ್ ಮ್ಯಾಕ್ಸ್’ ಅಂತ ದೊಡ್ಡದಾಗಿ ಇರುತ್ತದೆ. ಅದರ ಕೆಳಗೋ, ಒಳಗಿನ ಹಾಳೆಯಲ್ಲೋ ‘60 ವಾಟ್ ಆರ್‌ಎಂಎಸ್’ ಅಂತ ಚಿಕ್ಕದಾಗಿ ಇರುತ್ತದೆ. ಕೆಲವು ಕಂಪನಿಗಳು ಇದನ್ನೇ ‘ನಾಮಿನಲ್’ ಅಥವಾ ‘ಕಂಟಿನ್ಯೂಯಸ್’ ಅನ್ನುತ್ತವೆ. ಸ್ಪೀಕರ್ ಗಂಟೆಗಟ್ಟಲೆ ತಡೆದುಕೊಳ್ಳುವ ಶಕ್ತಿ ಅದು. ಮ್ಯಾಕ್ಸ್, ಪೀಕ್ ಅನ್ನುವುದು ಕ್ಷಣಮಾತ್ರದ ಹೊಡೆತದ ಲೆಕ್ಕ. ಪಿಎಂಪಿಓ ಅಂತ ಕಂಡರೆ ಸುಮ್ನೆ ಮುಂದೆ ಹೋಗಿ, ಅದಕ್ಕೆ ಯಾವ ನಿಯಮವೂ ಇಲ್ಲ.

ಕಾರಿನ ಸ್ಟೀರಿಯೋ ಮೇಲೆ ಬರೆದಿರುವ ‘50 ವಾಟ್ × 4’ ಎಲ್ಲಿಂದ ಬಂತು ಗೊತ್ತಾ? ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು 14.4 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ, 4 ಓಮ್‌ನಿಂದ ಭಾಗಿಸಿ. ಸುಮಾರು 52 ಬರುತ್ತದೆ. ಅಂದರೆ ಅಲೆಯ ತಲೆ ಪೂರ್ತಿ ಕತ್ತರಿಸಿ, ಸದ್ದು ಸಂಪೂರ್ಣ ಒಡೆದಾಗ ಸಿಗುವ ವಾಟ್ ಅದು. ಸ್ವಚ್ಛವಾದ ಸದ್ದಿನಲ್ಲಿ ಅದೇ ಸ್ಟೀರಿಯೋ ಒಂದು ಚಾನೆಲ್‌ಗೆ (ಒಂದು ಸ್ಪೀಕರಿನ ಸಾಲಿಗೆ) ಕೊಡುವುದು 15ರಿಂದ 20 ವಾಟ್. ಹೈವೇಯಲ್ಲಿ ಹಾಡು ಒಡೆಯುವುದಕ್ಕೆ ಇದೇ ಕಾರಣ. ಸ್ಟೀರಿಯೋ ಕೆಟ್ಟಿಲ್ಲ, ಅದರ ಮಿತಿ ಮುಗಿದಿದೆ ಅಷ್ಟೆ.

ಆಂಪ್ ಕೊಳ್ಳುವಾಗ ‘ಸಿಇಎ-2006’ ಅಥವಾ ‘ಸಿಟಿಎ-2006’ ಅನ್ನುವ ಗುರುತು ಇದೆಯಾ ನೋಡಿ. 14.4 ವೋಲ್ಟ್‌ನಲ್ಲಿ, ಒಡಕು 1 ಶೇಕಡ ಮೀರದಂತೆ ಅಳೆದ ವಾಟ್ ಅಂತ ಅದರ ಅರ್ಥ. ಗುರುತು ಇಲ್ಲದಿದ್ದರೆ ಆಂಪ್ ಮೇಲಿನ ಫ್ಯೂಸ್ ನೋಡಿ. ಫ್ಯೂಸ್ ಸುಳ್ಳು ಹೇಳುವುದು ಕಮ್ಮಿ. 30 ಆಂಪಿಯರ್ ಫ್ಯೂಸ್ ಇರುವ ಕ್ಲಾಸ್ ಡಿ (ಕರೆಂಟನ್ನು ಕಮ್ಮಿ ಪೋಲು ಮಾಡುವ ಬಗೆ) ಆಂಪ್ ಅಂದುಕೊಳ್ಳಿ. 30 × 13.8 ವೋಲ್ಟ್, ಅದರಲ್ಲಿ 80 ಶೇಕಡ ತೆಗೆದುಕೊಂಡರೆ ಸುಮಾರು 330 ವಾಟ್. ಎಲ್ಲ ಚಾನೆಲ್ ಸೇರಿ ಅಷ್ಟೇ ಅದರ ಶಕ್ತಿ. ಅದರ ಮೇಲೆ 2000 ಅಂತ ಬರೆದಿದ್ದರೆ ನಗು ಬರುತ್ತದೆ ಅಲ್ವಾ? ಹಳೇ ಕ್ಲಾಸ್ ಎಬಿ ಆಂಪ್ ಆದರೆ 80ರ ಬದಲು 55 ಶೇಕಡ ಹಿಡಿಯಿರಿ.

ಹಂತ 2: ಆಂಪ್ ನಿಮಗೆ ಬೇಕೇ ಬೇಕಾ?

ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಸ್ಪೀಕರಿನ ಹಾಳೆಯಲ್ಲಿ ‘ಸೆನ್ಸಿಟಿವಿಟಿ’ ಅಂತ ಒಂದು ಸಾಲು ಇರುತ್ತದೆ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನುವ ಲೆಕ್ಕ ಅದು. ವಾಟ್ ಎರಡು ಪಟ್ಟು ಆದರೆ ಸದ್ದು 3 ಡೆಸಿಬಲ್ ಏರುತ್ತದೆ. ಹತ್ತು ಪಟ್ಟು ಆದರೆ 10 ಡೆಸಿಬಲ್. ನಮ್ಮ ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಆ 10 ಡೆಸಿಬಲ್ ಬೇಕು.

ಈಗ ಲೆಕ್ಕ ಹಾಕಿ. 92 ಡೆಸಿಬಲ್‌ನ ಸ್ಪೀಕರಿಗೆ 20 ವಾಟ್ ಕೊಟ್ಟರೆ 105 ಡೆಸಿಬಲ್. 86 ಡೆಸಿಬಲ್‌ನ ಸ್ಪೀಕರ್ ಅದೇ 105 ಮುಟ್ಟಲು 80 ವಾಟ್ ಬೇಕು. ಊರೊಳಗೇ ಓಡಿಸುವವರು, ವಿದ್ಯಾನಗರದಿಂದ ಅಶೋಕ ರಸ್ತೆಗೆ ಹೋಗಿ ಬರುವವರು, 91–92ರ ಸ್ಪೀಕರ್ ಹಾಕಿಸಿ ಮುಂದಿನ ಎರಡು ಡೋರಿಗೆ ಡ್ಯಾಂಪಿಂಗ್ (ತಗಡು ಅದುರದಂತೆ ಒಳಗೆ ಹಾಳೆ ಅಂಟಿಸುವುದು) ಮಾಡಿಸಿದರೆ ಸಾಕು. ಆಂಪ್ ದುಡ್ಡು ಉಳಿಯಿತು. ಒಂದು ಎಚ್ಚರಿಕೆ: ಹಾಳೆಯಲ್ಲಿ ‘1 ವಾಟ್’ ಬದಲು ‘2.83 ವೋಲ್ಟ್’ ಅಂತ ಇದ್ದರೆ, 4 ಓಮ್ ಸ್ಪೀಕರಿಗೆ ಅದು 2 ವಾಟ್ ಆಗುತ್ತದೆ. ಹಾಗಾಗಿ ಬರೆದದ್ದರಲ್ಲಿ 3 ಕಳೆದು ಹೋಲಿಸಿ.

ವಾರಕ್ಕೊಮ್ಮೆ ಬೆಂಗಳೂರು, ಹುಬ್ಬಳ್ಳಿ ಅಂತ ಹೈವೇ ಓಡಿಸುವವರ ಕಥೆ ಬೇರೆ. 20 ವಾಟ್‌ನಿಂದ 75 ವಾಟ್‌ಗೆ ಹೋದರೆ 5.7 ಡೆಸಿಬಲ್ ಸಿಗುತ್ತದೆ. ಅದು ಚೆನ್ನಾಗಿ ಗೊತ್ತಾಗುವಷ್ಟು ವ್ಯತ್ಯಾಸ. ಆದರೆ 75ರಿಂದ 100ಕ್ಕೆ ಹೋದರೆ ಬರೀ 1.25. ಅದಕ್ಕೆ ಮೂರ್ನಾಲ್ಕು ಸಾವಿರ ಜಾಸ್ತಿ ಕೊಡಬೇಡಿ.

ಹಂತ 3: ವಾಟ್‌ಗೆ ವಾಟ್ ಹೊಂದಿಸಿ

ನನ್ನ ನಿಯಮ ಇದು. ಆಂಪ್‌ನ ಆರ್‌ಎಂಎಸ್, ಸ್ಪೀಕರಿನ ಆರ್‌ಎಂಎಸ್‌ನ 80ರಿಂದ 125 ಶೇಕಡ ಒಳಗೆ ಇರಲಿ. 60 ವಾಟ್ ಸ್ಪೀಕರಿಗೆ 50ರಿಂದ 75 ವಾಟ್ ಆಂಪ್. ಕಮ್ಮಿಯಾ, ಜಾಸ್ತಿಯಾ ಅನ್ನುವ ಅನುಮಾನ ಬಂದರೆ ಸ್ವಲ್ಪ ಜಾಸ್ತಿ ಇರುವುದನ್ನೇ ತೆಗೆದುಕೊಳ್ಳಿ, ಗೇನ್ ತಗ್ಗಿಸಿ ಇಡಿ.

‘ಕಮ್ಮಿ ವಾಟ್ ಆಂಪ್ ಹಾಕಿದರೆ ಸ್ಪೀಕರ್ ಸುಡುತ್ತದೆ’ ಅಂತ ಎಲ್ಲ ಕಡೆ ಹೇಳುತ್ತಾರೆ. ಇದು ಅರ್ಧ ನಿಜ. ವಾಟ್ ಕಮ್ಮಿ ಇರುವುದರಿಂದ ಸ್ಪೀಕರಿನೊಳಗಿನ ಯಾವ ಕಾಯಿಲೂ (ತಂತಿ ಸುರುಳಿ) ಸುಡುವುದಿಲ್ಲ. ಕಾಯಿಲ್ ಸುಡುವುದು ಬಿಸಿಯಿಂದ. ಆಂಪ್ ತನ್ನ ಮಿತಿ ದಾಟಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಪೂರ್ತಿ ಕ್ಲಿಪ್ ಆದ ಆಂಪ್ ತನ್ನ ಸ್ವಚ್ಛ ವಾಟ್‌ನ ಸುಮಾರು ಎರಡು ಪಟ್ಟು ಹೊರಗೆ ಕಳಿಸುತ್ತದೆ. ಜೊತೆಗೆ ಹಾಡಿನಲ್ಲಿ ಇಲ್ಲದ ಚೂಪು ಸದ್ದು ಸೇರಿ ಟ್ವೀಟರಿಗೆ (ತೆಳು ಸದ್ದಿನ ಸಣ್ಣ ಸ್ಪೀಕರ್) ಹೋಗುತ್ತದೆ. 20 ವಾಟ್ ಸ್ಟೀರಿಯೋ ಎಷ್ಟೇ ಒಡೆದರೂ 75 ವಾಟ್ ವೂಫರ್ (ದಪ್ಪ ಸದ್ದಿನ ದೊಡ್ಡ ಸ್ಪೀಕರ್) ಸುಡುವುದಿಲ್ಲ. ಟ್ವೀಟರ್ ಹೋಗಬಹುದು. ಆದರೆ 75 ವಾಟ್ ಆಂಪ್‌ನ ಗೇನ್ ಪೂರ್ತಿ ತಿರುಗಿಸಿ, ಬಾಸ್ ಬೂಸ್ಟ್ (ದಪ್ಪ ಸದ್ದನ್ನು ಎತ್ತುವ ಗುಂಡಿ) ಒತ್ತಿದರೆ ಅದೇ ಸ್ಪೀಕರಿಗೆ 150 ವಾಟ್ ಬಿಡದೆ ನುಗ್ಗುತ್ತದೆ. ನಮ್ಮ ಕಡೆ ಸುಟ್ಟ ವಾಸನೆ ಬರುವುದು ಹೆಚ್ಚಾಗಿ ಹೀಗೆ.

ಕಂಪನಿಯಿಂದ ಬಂದ ಹಳೇ ಪೇಪರ್ ಕೋನ್ ಸ್ಪೀಕರಿಗೆ ಆಂಪ್ ಹಾಕಿಸುವವರೂ ಇದ್ದಾರೆ. ಬೇಡ. ಮೊದಲು ಸ್ಪೀಕರ್, ಆಮೇಲೆ ಆಂಪ್.

ಹಂತ 4: ಓಮ್ ಲೆಕ್ಕ ತಪ್ಪಬೇಡಿ

ಹೆಚ್ಚು ಆಂಪ್ ಕೆಡುವುದು ಇಲ್ಲಿ. ಆದ್ದರಿಂದ ನಿಧಾನಕ್ಕೆ ಓದಿ.

ಓಮ್ ಕಮ್ಮಿಯಾದಷ್ಟೂ ಆಂಪ್‌ನಿಂದ ಕರೆಂಟ್ ಜಾಸ್ತಿ ಹರಿಯುತ್ತದೆ. ಕಾರಿನ ಡೋರ್ ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಒಂದು ಚಾನೆಲ್‌ಗೆ ಎರಡು 4 ಓಮ್ ಸ್ಪೀಕರ್ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಟ್ಟರೆ 2 ಓಮ್, ಸೀರಿಸ್ (ಒಂದರ ಹಿಂದೆ ಒಂದು) ಕೊಟ್ಟರೆ 8 ಓಮ್. ಬಿಡಿ ಸ್ಪೀಕರ್ ಎಷ್ಟು ಓಮ್ ಅಂತ ಗೊತ್ತಿಲ್ಲದಿದ್ದರೆ ಮಲ್ಟಿಮೀಟರ್ ಇಡಿ. 4 ಓಮ್ ಸ್ಪೀಕರ್ 3.2ರಿಂದ 3.6ರವರೆಗೆ ತೋರಿಸುತ್ತದೆ. ಮೀಟರ್ ತೋರಿಸುವುದು ಕಾಯಿಲಿನ ತಂತಿಯ ರೆಸಿಸ್ಟೆನ್ಸ್ ಮಾತ್ರ, ಅದಕ್ಕೇ ಸ್ವಲ್ಪ ಕಮ್ಮಿ.

ಸಬ್ ವೂಫರಿನಲ್ಲಿ (ಬರೀ ಆಳದ ಬಾಸ್‌ಗೆ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಎರಡು ಕಾಯಿಲ್ ಇರುವ ಮಾದರಿಗಳು ಬರುತ್ತವೆ. 4+4 ಓಮ್‌ದನ್ನು ಪ್ಯಾರಲಲ್ ಮಾಡಿದರೆ 2, ಸೀರಿಸ್ ಮಾಡಿದರೆ 8. 2+2 ಓಮ್‌ದನ್ನು ಪ್ಯಾರಲಲ್ ಮಾಡಿದರೆ 1, ಸೀರಿಸ್ ಮಾಡಿದರೆ 4. ಹಾಗಾಗಿ ಸಬ್ ಕೊಳ್ಳುವ ಮೊದಲೇ ಆಂಪ್ ಎಷ್ಟು ಓಮ್‌ಗೆ ಗಟ್ಟಿ ಅಂತ ನೋಡಬೇಕು. ಸಬ್ ತಂದ ಮೇಲೆ ಹೊಂದಿಸಲು ಹೋದರೆ ಕೈಕಟ್ಟಿದ ಹಾಗೆ ಆಗುತ್ತದೆ.

ನಮ್ಮ ಊರಿನ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಜೋಡಣೆ ಇದು: ಒಂದು 4 ಚಾನೆಲ್ ಆಂಪ್, ಎರಡು ಚಾನೆಲ್ ಮುಂದಿನ ಡೋರಿಗೆ, ಉಳಿದೆರಡನ್ನು ಬ್ರಿಡ್ಜ್ ಮಾಡಿ (ಎರಡೂ ಸೇರಿ ಒಂದೇ ಸ್ಪೀಕರ್ ಓಡಿಸುವಂತೆ ಜೋಡಿಸಿ) ಸಬ್‌ಗೆ. ಒಳ್ಳೆಯ ಜೋಡಣೆ, ದುಡ್ಡೂ ಉಳಿಯುತ್ತದೆ. ಆದರೆ ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೆ ಕಾಣುವುದು ಸ್ಪೀಕರಿನ ಅರ್ಧ ಓಮ್ ಮಾತ್ರ. 4 ಓಮ್ ಸಬ್ ಹಾಕಿದರೆ ಒಂದೊಂದು ಚಾನೆಲ್‌ಗೆ 2 ಓಮ್. ಒಳ್ಳೆಯ ಆಂಪ್ ತಡೆಯುತ್ತದೆ. 2 ಓಮ್ ಸಬ್ ಹಾಕಿದರೆ 1 ಓಮ್. ಆಗ ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತದೆ (ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ), ಇಲ್ಲವೇ ಸುಡುತ್ತದೆ. ಬ್ರಿಡ್ಜ್ ಮಾಡುವುದಾದರೆ ಒಂದೇ ಕಾಯಿಲಿನ 4 ಓಮ್ ಸಬ್ ಅಥವಾ 2+2ನ್ನು ಸೀರಿಸ್ ಮಾಡಿದ್ದು. 4+4 ಸಬ್ಬನ್ನು ಬ್ರಿಡ್ಜ್‌ಗೆ ತರಬೇಡಿ. ಪ್ಯಾರಲಲ್ ಕೊಟ್ಟರೆ ಅಪಾಯ, ಸೀರಿಸ್ ಕೊಟ್ಟರೆ ವಾಟ್ ಅರ್ಧಕ್ಕೆ ಇಳಿಯುತ್ತದೆ.

ಬ್ರಿಡ್ಜ್ ವಾಟ್ ಸರಿ ಬರೆದಿದ್ದಾರಾ ಅಂತ ನೋಡಲು ಒಂದು ಸುಲಭ ದಾರಿ ಇದೆ. 4 ಓಮ್ ಬ್ರಿಡ್ಜ್ ವಾಟ್, 2 ಓಮ್ ಒಂದು ಚಾನೆಲ್ ವಾಟ್‌ನ ಎರಡು ಪಟ್ಟು ಇರಬೇಕು. 2 ಓಮ್‌ಗೆ 100 ವಾಟ್ ಇದ್ದರೆ ಬ್ರಿಡ್ಜ್‌ನಲ್ಲಿ 200. 400 ಅಂತ ಬರೆದಿದ್ದರೆ ಆ ಹಾಳೆಯ ಬೇರೆ ಸಂಖ್ಯೆಗಳನ್ನೂ ಅನುಮಾನದಿಂದ ನೋಡಿ.

ಒಂದು ಪೂರ್ತಿ ಉದಾಹರಣೆ

ಒಂದು ಹ್ಯಾಚ್‌ಬ್ಯಾಕ್ ಕಾರು. ಮುಂದೆ ಆರೂವರೆ ಇಂಚಿನ ಕಾಂಪೊನೆಂಟ್ (ವೂಫರ್, ಟ್ವೀಟರ್ ಬೇರೆಬೇರೆ), 75 ವಾಟ್ ಆರ್‌ಎಂಎಸ್, 4 ಓಮ್. ಹಿಂದೆ 6 ಇಂಚಿನ ಕೋಆಕ್ಸಿಯಲ್ (ಎರಡೂ ಒಂದರಲ್ಲೇ), 50 ವಾಟ್, 4 ಓಮ್. ಡಿಕ್ಕಿಯಲ್ಲಿ 10 ಇಂಚಿನ ಸಬ್, 300 ವಾಟ್, 4+4 ಓಮ್.

ಇದಕ್ಕೆ 4 ಓಮ್‌ನಲ್ಲಿ 75 × 4 ಕೊಡುವ ಒಂದು ಆಂಪ್, 2 ಓಮ್‌ನಲ್ಲಿ 300–350 ಕೊಡುವ ಒಂದು ಮೋನೋ (ಒಂದೇ ಚಾನೆಲ್ಲಿನ) ಆಂಪ್ ಸರಿಹೋಗುತ್ತದೆ. ಸಬ್ಬಿನ ಕಾಯಿಲ್ ಪ್ಯಾರಲಲ್. ಹಿಂದಿನ 50 ವಾಟ್ ಸ್ಪೀಕರಿಗೆ 75 ವಾಟ್ ಚಾನೆಲ್ ಜಾಸ್ತಿ ಆಯಿತಲ್ಲ ಅನ್ನಬಹುದು. ಹೌದು, ನನ್ನ 125 ಶೇಕಡ ದಾಟಿದೆ. ಆದರೆ ಅಲ್ಲಿ ಗೇನ್ ತಗ್ಗಿಸಿ 50ಕ್ಕೇ ನಿಲ್ಲಿಸುತ್ತೇವೆ. ಬಜೆಟ್ ಕಮ್ಮಿ ಇದ್ದರೆ ಹಿಂದಿನ ಸ್ಪೀಕರನ್ನು ಸ್ಟೀರಿಯೋಗೇ ಬಿಡಿ. ಓಡಿಸುವವರ ಕಿವಿಗೆ ಮುಖ್ಯ ಮುಂದಿನ ಎರಡು.

ಹಂತ 5: ಬ್ಯಾಟರಿ, ವೈರ್, ಫ್ಯೂಸ್

ಮೇಲಿನ ಎರಡೂ ಆಂಪ್ ಕ್ಲಾಸ್ ಡಿ ಆದರೆ ಒಟ್ಟು 600 ವಾಟ್‌ಗೆ ಗರಿಷ್ಠ 54 ಆಂಪಿಯರ್ ಎಳೆಯುತ್ತವೆ. ಹಾಡು ನುಡಿಸುವಾಗ ಸರಾಸರಿ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಆದರೂ ವೈರ್ ಗರಿಷ್ಠಕ್ಕೆ ತಕ್ಕ ಹಾಗೆ ಇರಬೇಕು. ಬ್ಯಾಟರಿಯಿಂದ ಡಿಕ್ಕಿಗೆ 4 ಗೇಜ್ (ಸಂಖ್ಯೆ ಕಮ್ಮಿಯಾದಷ್ಟೂ ದಪ್ಪ) ತಾಮ್ರದ ವೈರ್, 80 ಆಂಪಿಯರ್ ಫ್ಯೂಸ್. ಬರೀ 4 ಚಾನೆಲ್ ಆಂಪ್ ಒಂದೇ ಆದರೆ 8 ಗೇಜ್ ಸಾಕು.

ಕಿಟ್‌ನಲ್ಲಿ ಬರುವ ಅಗ್ಗದ ವೈರ್ ತಾಮ್ರ ಬಳಿದ ಅಲ್ಯೂಮಿನಿಯಂ ಆಗಿರಬಹುದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅದನ್ನೇ ಹಾಕುವುದಾದರೆ ಒಂದು ಸೈಜ್ ದಪ್ಪ ತೆಗೆದುಕೊಳ್ಳಿ.

ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರಬೇಕು. ಈ ಫ್ಯೂಸ್ ಇರುವುದು ಆಂಪ್ ಉಳಿಸಲು ಅಲ್ಲ, ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಕಾರಿಗೆ ಬೆಂಕಿ ಬೀಳದಿರಲು. ಬಾನೆಟ್‌ನಿಂದ ಒಳಗೆ ವೈರ್ ಬರುವ ತೂತಿಗೆ ರಬ್ಬರ್ ಬಳೆ ಕಡ್ಡಾಯ ಹಾಕಿಸಿ. ಗ್ರೌಂಡ್ ವೈರ್ (ಆಂಪ್‌ನ ಮೈನಸ್‌ನಿಂದ ಕಾರಿನ ಬಾಡಿಗೆ ಹೋಗುವುದು) ಅಷ್ಟೇ ದಪ್ಪ ಇರಲಿ, ಚಿಕ್ಕದಾಗಿರಲಿ, ಪೇಂಟ್ ಕೆರೆದ ಬರಿ ಲೋಹಕ್ಕೆ ಬೋಲ್ಟ್ ಆಗಲಿ. ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಆಂಪ್‌ಗೆ ಸಿಗ್ನಲ್ ತರುವುದು) ಒಂದು ಬದಿಯಲ್ಲಿ, ಕರೆಂಟ್ ವೈರ್ ಇನ್ನೊಂದು ಬದಿಯಲ್ಲಿ. ಕಂಪನಿ ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಕೇಳಿ.

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಆಸುಪಾಸು. ವಾಣಿವಿಲಾಸ ಸಾಗರಕ್ಕೆ ಪಿಕ್ನಿಕ್ ಹೋಗಿ, ಎಂಜಿನ್ ಆಫ್ ಮಾಡಿ, ಡಿಕ್ಕಿ ತೆಗೆದು ಜೋರಾಗಿ ಹಾಡು ಹಾಕಿದರೆ ಒಂದು ಗಂಟೆಯೊಳಗೆ ಅರ್ಧ ಬ್ಯಾಟರಿ ಖಾಲಿ. ಆಮೇಲೆ ತಳ್ಳಬೇಕು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್‌ನಲ್ಲಿ ಆಂಪ್‌ನ ಸ್ವಚ್ಛ ವಾಟೂ ಕಮ್ಮಿ ಆಗುತ್ತದೆ. ಅದೇ ವಾಲ್ಯೂಮ್‌ನಲ್ಲಿ ಬೇಗ ಒಡೆಯುತ್ತದೆ.

ಆಂಪ್ ಇಡುವ ಜಾಗವೂ ಮುಖ್ಯ. ಏಪ್ರಿಲ್, ಮೇನಲ್ಲಿ ನಮ್ಮ ಬಯಲುಸೀಮೆಯ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ನಿಂತ ಕಾರಿನ ಒಳಗೆ ಇನ್ನೂ ಜಾಸ್ತಿ. ಕಾರ್ಪೆಟ್ ಕೆಳಗೆ ಮುಚ್ಚಿಟ್ಟ ಆಂಪ್ ಮಧ್ಯಾಹ್ನ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಸೀಟಿನ ಕೆಳಗೆ, ಸುತ್ತ ಗಾಳಿ ಆಡುವಂತೆ ಇಡಿ.

ಹಂತ 6: ಗೇನ್ ಸೆಟ್ ಮಾಡುವುದು

ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೋ ಕಳಿಸುವ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಭದ್ರಾ ಕಾಲುವೆಯ ತೂಬು ಎಷ್ಟೇ ಎತ್ತಿದರೂ ಡ್ಯಾಮಿನಲ್ಲಿ ಇರುವ ನೀರು ಜಾಸ್ತಿ ಆಗುವುದಿಲ್ಲ. ಗೇನ್ ಪೂರ್ತಿ ತಿರುಗಿಸಿದರೂ ಆಂಪ್‌ನ ಸ್ವಚ್ಛ ವಾಟ್ ಅಷ್ಟೇ ಇರುತ್ತದೆ. ವಾಲ್ಯೂಮ್ 15ಕ್ಕೇ ಒಡೆಯಲು ಶುರುವಾಗುತ್ತದೆ ಅಷ್ಟೆ.

ಬೇಕಾದದ್ದು ಒಂದು ಮಲ್ಟಿಮೀಟರ್, ಪೆನ್‌ಡ್ರೈವ್‌ನಲ್ಲಿ ಟೆಸ್ಟ್ ಟೋನ್. ಬ್ಲೂಟೂತ್ ಬೇಡ, ಫೋನಿನ ವಾಲ್ಯೂಮ್ ಸೇರಿ ಲೆಕ್ಕ ಕೆಡುತ್ತದೆ. ಅಗ್ಗದ ಮೀಟರುಗಳು 400 ಹರ್ಟ್ಸ್ ಮೇಲೆ ತಪ್ಪು ತೋರಿಸಬಹುದು. ಅದಕ್ಕೆ ಡೋರ್ ಸ್ಪೀಕರಿಗೆ 300 ಹರ್ಟ್ಸ್, ಸಬ್‌ಗೆ 50 ಹರ್ಟ್ಸ್ ಟೋನ್ ಬಳಸಿ. ಎರಡೂ 0 ಡೆಸಿಬಲ್ ಮಟ್ಟದ್ದು (ಇಲ್ಲಿ 0 ಅಂದರೆ ರೆಕಾರ್ಡಿಂಗಿನ ಗರಿಷ್ಠ ಮಟ್ಟ).

ಮೊದಲು ವೋಲ್ಟ್ ಲೆಕ್ಕ. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಫೋನಿನ ಕ್ಯಾಲ್ಕುಲೇಟರ್ ಸಾಕು. ನಮ್ಮ ಉದಾಹರಣೆಗೆ ಮುಂದೆ 75 × 4 = 300, ಅದರ ಮೂಲ 17.3 ವೋಲ್ಟ್. ಹಿಂದೆ 50 × 4 = 200, ಮೂಲ 14.1 ವೋಲ್ಟ್. ಸಬ್‌ಗೆ 300 × 2 = 600, ಮೂಲ 24.5 ವೋಲ್ಟ್. ಇಲ್ಲಿ ಹಾಕುವ ವಾಟ್ ಆಂಪ್‌ನದ್ದಾ, ಸ್ಪೀಕರಿನದ್ದಾ? ಎರಡರಲ್ಲಿ ಯಾವುದು ಕಮ್ಮಿಯೋ ಅದು. ಆಂಪ್ 50, ಸ್ಪೀಕರ್ 75 ಇದ್ದರೆ 50ನ್ನೇ ಹಾಕಿ. ಕ್ಲಿಪ್ಪಿಂಗ್ ಆಗುತ್ತಿದೆಯಾ ಅಂತ ಮೀಟರ್ ಹೇಳುವುದಿಲ್ಲ, ಅದಕ್ಕೇ ಈ ಜಾಗ್ರತೆ.

1. ಆಂಪ್‌ನಿಂದ ಸ್ಪೀಕರ್ ವೈರ್ ಬಿಚ್ಚಿ. ಗೇನ್ ಪೂರ್ತಿ ಕೆಳಗೆ ತನ್ನಿ.
2. ಸ್ಟೀರಿಯೋದಲ್ಲಿ ಬಾಸ್, ಟ್ರೆಬಲ್, ಈಕ್ವಲೈಸರ್ ಎಲ್ಲ ಸೊನ್ನೆ. ಲೌಡ್‌ನೆಸ್ ಆಫ್. ಆಂಪ್ ಮೇಲಿನ ಬಾಸ್ ಬೂಸ್ಟ್ ಸೊನ್ನೆ, ಫಿಲ್ಟರ್ ಸದ್ಯಕ್ಕೆ ಆಫ್. ಆಫ್ ಇಲ್ಲದ ಕಡೆ ಟೋನ್‌ಗೆ ಅಡ್ಡ ಬಾರದಷ್ಟು ದೂರ ತಿರುಗಿಸಿ.
3. ಎಂಜಿನ್ ಸ್ಟಾರ್ಟ್ ಮಾಡಿ. ಇದನ್ನು ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ.
4. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಡಿ. ಗರಿಷ್ಠ 40 ಇದ್ದರೆ 30.
5. ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಆಂಪ್‌ನ ಸ್ಪೀಕರ್ ಪಾಯಿಂಟಿಗೆ ಮುಟ್ಟಿಸಿ.
6. ಗೇನನ್ನು ನಿಧಾನಕ್ಕೆ ಏರಿಸಿ. ಲೆಕ್ಕದ ವೋಲ್ಟ್‌ಗಿಂತ ಒಂದು ಕೂದಲಷ್ಟು ಕೆಳಗೆ ನಿಲ್ಲಿಸಿ. ಪ್ರತಿ ಜೋಡಿಗೂ ಬೇರೆಬೇರೆ ಮಾಡಿ.

ಆಮೇಲೆ ವಾಲ್ಯೂಮ್ ಇಳಿಸಿ, ಎಲ್ಲ ಆಫ್ ಮಾಡಿ, ಸ್ಪೀಕರ್ ಜೋಡಿಸಿ. ಪ್ಲಸ್, ಮೈನಸ್ ಅನುಮಾನ ಇದ್ದರೆ ಆಂಪ್‌ಗೆ ಜೋಡಿಸುವ ಮೊದಲು 1.5 ವೋಲ್ಟ್ ಸೆಲ್‌ನಿಂದ ವೂಫರಿಗೆ ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಗುಲಿದ ಕಡೆಯೇ ಪ್ಲಸ್. ಟ್ವೀಟರಿಗೆ ಈ ಪ್ರಯೋಗ ಬೇಡ.

ಇನ್ನು ವಾಲ್ಯೂಮ್ 30ರ ಮೇಲೆ ಹೋಗುವುದಿಲ್ಲ ಅಂತ ಮನೆಯವರಿಗೂ, ಡ್ರೈವರಿಗೂ ಹೇಳಿಡಿ. ಬಾಸ್ ಬೂಸ್ಟ್ ಮುಟ್ಟುವ ಆಸೆ ಆದರೆ ಈ ಲೆಕ್ಕ ನೆನಪಿರಲಿ: 6 ಡೆಸಿಬಲ್ ಬೂಸ್ಟ್ ಅಂದರೆ ನಾಲ್ಕು ಪಟ್ಟು ವಾಟ್. 12 ಡೆಸಿಬಲ್ ಅಂದರೆ ಸುಮಾರು ಹದಿನಾರು ಪಟ್ಟು.

ಹಂತ 7: ಫಿಲ್ಟರ್

ಡೋರ್ ಸ್ಪೀಕರಿಗೆ ಹೈಪಾಸ್ (ಅದಕ್ಕಿಂತ ಮೇಲಿನ ಸದ್ದು ಮಾತ್ರ ಬಿಡುವುದು) 80 ಹರ್ಟ್ಸ್, ಸಬ್‌ಗೆ ಲೋಪಾಸ್ (ಕೆಳಗಿನದು ಮಾತ್ರ ಬಿಡುವುದು) 80 ಹರ್ಟ್ಸ್. ಇಲ್ಲಿಂದ ಶುರು ಮಾಡಿ, ಕಿವಿಗೆ ತಕ್ಕಂತೆ ಹತ್ತಿಪ್ಪತ್ತು ಆಚೀಚೆ ಮಾಡಿ. ಆರೂವರೆ ಇಂಚಿನ ಸ್ಪೀಕರ್ 40 ಹರ್ಟ್ಸ್ ಬಾಸ್ ಕೊಡಲು ಹೆಣಗುವುದು ಬೇಕಿಲ್ಲ. ಆ ಭಾರ ಇಳಿಸಿದರೆ ಅದೇ ಸ್ಪೀಕರ್ ಹೈವೇಯಲ್ಲೂ ಆರಾಮಾಗಿ ಹಾಡುತ್ತದೆ. ಸಬ್ ಇಲ್ಲದವರು 60ಕ್ಕೆ ಇಡಿ. ಪೋರ್ಟ್ (ಗಾಳಿ ಆಡುವ ತೂತು) ಇರುವ ಸಬ್ ಡಬ್ಬಕ್ಕೆ ಸಬ್‌ಸೋನಿಕ್ ಫಿಲ್ಟರ್ 30 ಹರ್ಟ್ಸ್ ಆಸುಪಾಸು ಇರಲಿ, ಇಲ್ಲದಿದ್ದರೆ ಅದಕ್ಕಿಂತ ಕೆಳಗಿನ ಸದ್ದಿಗೆ ಕೋನ್ ಹಿಡಿತ ತಪ್ಪಿ ಕುಣಿಯುತ್ತದೆ.

ಓಡಿಸಿ ನೋಡಿದ ಮೇಲೆ

ಚಿತ್ರದುರ್ಗದವರೆಗೆ ಸುಮಾರು 60 ಕಿ.ಮೀ. ಓಡಿಸಿ ಬನ್ನಿ. ಭರಮಸಾಗರದಲ್ಲಿ ಚಹಾಕ್ಕೆ ನಿಂತಾಗ ಬಾನೆಟ್ ತೆಗೆದು ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಪಕ್ಕದ ಭಾಗಗಳಿಗಿಂತ ಅದೊಂದೇ ಜಾಸ್ತಿ ಸುಡುತ್ತಿದ್ದರೆ ಒಳಗೆ ತಿರುಪು ಸಡಿಲ ಇದೆ. ಬಾಸ್ ಹೊಡೆದಾಗ ಹೆಡ್‌ಲೈಟ್ ಮಂಕಾದರೆ ಮೊದಲು ಗ್ರೌಂಡ್ ಬೋಲ್ಟ್, ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿಸಿ. ಆಗಲೂ ಮಂಕಾದರೆ ಬ್ಯಾಟರಿಯ ವಯಸ್ಸು ನೋಡಿ. ಕೆಪಾಸಿಟರ್ ಡಬ್ಬ ಕೊಳ್ಳಲು ಓಡಬೇಡಿ.

ಆಕ್ಸಿಲರೇಟರ್ ಒತ್ತಿದಾಗ ಸ್ಪೀಕರಿನಲ್ಲಿ ‘ಕುಯ್ಯ್’ ಅಂತ ಏರುವ ಸದ್ದು ಬಂದರೆ ಅದು ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ತುಂಬುವ ಜನರೇಟರ್) ಸದ್ದು. ಆರ್‌ಸಿಎ ಕೇಬಲನ್ನು ಆಂಪ್‌ನಿಂದ ಕಿತ್ತು ನೋಡಿ. ಸದ್ದು ನಿಂತರೆ ತೊಂದರೆ ಸ್ಟೀರಿಯೋ ಕಡೆಯ ಗ್ರೌಂಡ್‌ನಲ್ಲಿ ಅಥವಾ ಕೇಬಲ್ ಹಾದುಬಂದ ದಾರಿಯಲ್ಲಿ. ನಿಲ್ಲದಿದ್ದರೆ ಆಂಪ್‌ನ ಗ್ರೌಂಡ್‌ನಲ್ಲಿ.

ಊರಿಗೆ ಮರಳುವಾಗ ರಾತ್ರಿ 10 ದಾಟಿದ್ದರೆ ಸಬ್ ಇಳಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯದಲ್ಲಿ ರಾತ್ರಿ 40. ಚಿಗಟೇರಿ ಆಸ್ಪತ್ರೆ ಮುಂದೆ ಹಾದುಹೋಗುವಾಗ ಕಿಟಕಿ ಏರಿಸಿದರೆ ಸಾಲದು, ಬಾಸ್ ಗಾಜು ದಾಟಿ ಹೋಗುತ್ತದೆ. ವಾಲ್ಯೂಮನ್ನೇ ಇಳಿಸಬೇಕು.